ಗುಂಡಿಯಲ್ಲಿ ಕೇಳಿಸಿದ ದನಿ

ಯಾರೂ ಇಲ್ಲದ ಕಡೆ ಯಾರೋ ಕರೆದಂತಾಯಿತು ಎಂದು ಹೇಳುವವರನ್ನು ಕಂಡರೆ ನಾನು ನಗುತ್ತಿದ್ದೆ. ಯಂತ್ರಗಳ ಗದ್ದಲದಲ್ಲಿ ದುಡಿಯುವವನ ಕಿವಿಯಲ್ಲಿ ಏನೇನೋ ಮೊಳಗುತ್ತಿರುತ್ತದೆ, ಅದರಲ್ಲಿ ವಿಶೇಷವೇನು ಎಂದು ವಾದಿಸುತ್ತಿದ್ದೆ. ಈಗ ವಾದಿಸುವುದಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಸಿಂದಗಿ ಹೊರವಲಯದ ಒಂದು ತೊಗರಿಬೇಳೆ ಮಿಲ್ಲಿನಲ್ಲಿ ನಾನು ಫಿಟರ್. ಸ್ವಿಚ್ಚು, ಮೋಟಾರು ನೋಡಿಕೊಳ್ಳುತ್ತಿದ್ದವನು ತಾಂಬಾ ಊರಿನ ಮಲ್ಲಪ್ಪ. ಒಂಬತ್ತು ವರ್ಷ ಜೊತೆಗೆ ಬುತ್ತಿ ಬಿಚ್ಚಿ ಉಂಡವರು ನಾವು. ನನ್ನನ್ನು ‘ದೋಸ್ತ’ ಎನ್ನುತ್ತಿದ್ದವನು ಅವನೊಬ್ಬನೇ.

ಸ್ವಿಚ್ಚಿಗೆ ಬೀಗ ಹಾಕುವುದು, ಬೋರ್ಡು ತೂಗುಹಾಕುವುದು ನಮ್ಮಲ್ಲಿ ಇರಲಿಲ್ಲ. ರಿಪೇರಿಗೆ ಇಳಿಯುವವನು ಮೇನ್ ಸ್ವಿಚ್ಚು ಆರಿಸಿ, ಮೂರೂ ಫ್ಯೂಜು ಕಿತ್ತು ತನ್ನ ಜೇಬಿನಲ್ಲಿಟ್ಟುಕೊಳ್ಳಬೇಕು. ಅಷ್ಟೇ ನಮ್ಮ ಕಾಯಿದೆ. ಆ ಮಧ್ಯಾಹ್ನ, ಕಾಳನ್ನು ಮೇಲಕ್ಕೆತ್ತುವ ಡಬ್ಬಿಗಳ ಪಟ್ಟಿ, ಅದರ ಬುಡ ಕೂತಿದ್ದ ಆಳದ ಗುಂಡಿಯಲ್ಲಿ ಸಿಕ್ಕಿಹಾಕಿಕೊಂಡಿತ್ತು. ಫ್ಯೂಜು ಕಿತ್ತು ತಂದು ಗುಂಡಿಗೆ ಇಳಿಯುವಾಗ ಮಲ್ಲಪ್ಪ ಕೈ ಚಾಚಿದ.

“ಫ್ಯೂಜ್ ನನ್ನ ಕೈಯಾಗ ಕೊಡು ದೋಸ್ತ. ಬಗ್ಗಿದ್ರ ಜೇಬಿನ್ಯಾಗಿಂದ ಬೀಳ್ತಾವು. ನೀ ಮ್ಯಾಲ ಬರೂತನಕಾ ನಾ ಹಿಡ್ಕೊಂಡು ಇಲ್ಲೇ ನಿಂದರ್ತೇನಿ.”

ಕೊಟ್ಟೆ.

ಕುಕ್ಕರಗಾಲಿನಲ್ಲಿ ಕೂತು ಪಟ್ಟಿಯ ಕೆಳಗಿನ ಗಾಲಿಗೆ ಕೈ ಹಾಕಿದ್ದೆ. ಬೆನ್ನ ಹಿಂದೆಯೇ, ಕಿವಿಗೆ ಹತ್ತಿದಂತೆ, ಅವನ ದನಿ: “ದೋಸ್ತ, ಹೊರಗ ಬಾ. ಲಗೂ ಬಾ.” ಕೆಲಸ ಅರ್ಧಕ್ಕೆ ಬಿಡಿಸುತ್ತಾನಲ್ಲ ಎಂದು ಬೈಯುತ್ತಲೇ ಮೇಲೆ ಹತ್ತಿದೆ. ಅಲ್ಲಿ ಯಾರೂ ಇರಲಿಲ್ಲ. ಎರಡನೆಯ ಕಾಲು ಹೊರಗಿಡುವಷ್ಟರಲ್ಲಿ ಪಟ್ಟಿ ಓಡತೊಡಗಿತು. ಒಳಗೇ ಬಿಟ್ಟಿದ್ದ, ಬೋಲ್ಟು ಬಿಚ್ಚುವ ನನ್ನ ಪಾನಾ ಡಬ್ಬಿಗಳಿಗೆ ಸಿಕ್ಕಿ ಬಡಿದ ಸದ್ದಿಗೆ ಇಡೀ ಶೆಡ್ಡು ನಡುಗಿತು.

ಸ್ವಿಚ್ಚುಗಳಿದ್ದ ಶೆಡ್ಡಿನ ಆಚೆ ತುದಿಗೆ ಓಡಿದೆ. ಮಲ್ಲಪ್ಪನ ಕೈ ಇನ್ನೂ ಸ್ವಿಚ್ಚಿನ ಮೇಲಿತ್ತು. ಪಕ್ಕದಲ್ಲಿ ಮಾಲೀಕರು.

“ನೀ... ಹೊರಗ ಅದೀಯೇನು?” ಎಂದ. ಮರುಗಳಿಗೆಯೇ ಮಾಲೀಕರ ಕಡೆ ತಿರುಗಿ, “ಕೆಲಸ ಮುಗೀತಂತ ಇವನೇ ಫ್ಯೂಜ್ ನನ್ನ ಕೈಯಾಗ ಕೊಟ್ಟಾನ್ರಿ ಸಾವ್ಕಾರ್ರ,” ಎಂದುಬಿಟ್ಟ.

ಮಾಲೀಕರು ಅವನನ್ನೇ ನಂಬಿದರು. ಬೇಜವಾಬ್ದಾರಿಯವನೆಂದು ನನ್ನನ್ನು ಕೆಲಸದಿಂದ ತೆಗೆದರು. ಗಂಟು ಕಟ್ಟಿಕೊಂಡು ನಮ್ಮೂರು ಯಂಕಂಚಿಗೆ ಹೊರಟಾಗ, ಸ್ವಿಚ್ಚಿನ ಹತ್ತಿರ ಕಾಳು ಆರಿಸುತ್ತಿದ್ದ ಶಾಂತವ್ವ ಗೇಟಿನ ಬಳಿ ತಡೆದಳು.

“ಲಾರಿ ನಿಂತೈತಿ, ಚಾಲೂ ಮಾಡು ಅಂತ ಸಾವ್ಕಾರ್ರು ಒದರಿದ್ರಪಾ. ನೀ ಒಳಗ ಅದೀ ಅಂತ ಅವ ಬಾಯಿ ಬಿಡ್ಲಿಲ್ಲ. ನಿನ್ನ ಕರಿಯಾಕೂ ಹೋಗ್ಲಿಲ್ಲ. ನನ್ನ ಕಣ್ಣ ಮುಂದ ಇದ್ದ.”

ಹಾಗಾದರೆ ಕರೆದವರು ಯಾರು?

ಮೂರು ವರ್ಷದ ಮೇಲೆ ಸಿಂದಗಿ ಬಸ್ ನಿಲ್ದಾಣದಲ್ಲಿ ಮಲ್ಲಪ್ಪ ಎದುರಾದ. ತಪ್ಪಿಸಿಕೊಂಡು ಹೋಗಲು ನೋಡಿದ. ತೋಳು ಹಿಡಿದು ನಿಲ್ಲಿಸಿದೆ. “ಆವತ್ತ ನನ್ನ ಕರದಾಂವ ನೀನ ಹೌದಲ್ಲೋ?”

ತೋಳು ಬಿಡಿಸಿಕೊಂಡ. “ಇಲ್ಲೋ. ಕರೀಬೇಕಂತ ಬಾಯಿತನಕಾ ಬಂದಿತ್ತು. ಸಾವ್ಕಾರ್ರ ಮುಂದ ದನಿ ಏಳಲಿಲ್ಲ.”

ಹೌದು ಎಂದಿದ್ದರೆ ಅಲ್ಲೇ ಕ್ಷಮಿಸಿಬಿಡುತ್ತಿದ್ದೆನೋ ಏನೋ. ಅವನ ಗಂಟಲಲ್ಲೇ ಉಳಿದ ಮಾತು ಶೆಡ್ಡಿನ ಇನ್ನೊಂದು ತುದಿಯ ಗುಂಡಿಯಲ್ಲಿ ನನಗೆ ಹೇಗೆ ಕೇಳಿಸಿತು, ಇಂದಿಗೂ ತಿಳಿದಿಲ್ಲ. ಆ ದನಿಯಿಂದಲೇ ನಾನು ಬದುಕಿದ್ದೇನೆ, ನಿಜ. ಆದರೂ ಅದಕ್ಕಾಗಿ ಅವನ ಉಪಕಾರ ನೆನೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.