ಹೊಸ್ತಿಲ ಮುಂದೆ ಹೇಳಿದ ಒಡಪು

ಝಳಕಿಯ ಗಂಡನ ಮನೆ ಹೊಸ್ತಿಲ ಮುಂದೆ ನಿಂತಿದ್ದೇನೆ. ಎಪ್ಪತ್ತರ ದಶಕದ ಮಾತು.

ನಾದಿನಿಯರು ಬಾಗಿಲಿಗೆ ಕೈ ಅಡ್ಡ ಹಿಡಿದಿದ್ದಾರೆ. ಗಂಡನ ಹೆಸರು ಸೇರಿಸಿ, ಪ್ರಾಸ ಕೂಡಿಸಿ ಒಡಪು ಹೇಳಬೇಕು. ಆಮೇಲೇ ಒಳಗೆ.

ನಾನೋ, ಕಾಲೇಜ್ ಮ್ಯಾಗಝಿನ್‌ನಲ್ಲಿ ನವ್ಯ ಕವಿತೆ ಬರೆದವಳು! ತವರು ಬಾಗೇವಾಡಿಯಲ್ಲಿ ಅವ್ವ ಒಡಪು ಕಲಿಸಲು ಬೆನ್ನು ಬಿದ್ದಿದ್ದಳು. ನಾನೇ ಬರ್ಕೋತೀನಿ ಬಿಡು ಅಂದಿದ್ದೆ.

ಈ ಸೊಸೆ ಬರೆಯುವವಳು ಅಂತ ಮೊದಲ ದಿನವೇ ಎಲ್ಲರಿಗೂ ಗೊತ್ತಾಗಬೇಕಿತ್ತು. ಇಲ್ಲದಿದ್ದರೆ ಮುಂದೆ ಪೆನ್ನು ಹಿಡಿಯಲು ಯಾರು ಬಿಡುತ್ತಾರೆ ಎಂಬ ಭಯ.

ಹೇಳಿದೆ. ನೆರಳು, ಮೌನ, ಕತ್ತಲೆ ಎಲ್ಲ ಇದ್ದ ಕವಿತೆ... ನಡುವೆ ಎಲ್ಲೋ ಗಂಡನ ಹೆಸರು.

ಯಾರೂ ನಗಲಿಲ್ಲ. ಕೈಯನ್ನೂ ತೆಗೆಯಲಿಲ್ಲ.

"ವೈನಿ, ಮುಗೀತೋ ಇನ್ನೂ ಐತೋ?" ಎಂದಳು ಸಣ್ಣ ನಾದಿನಿ.

ನಾಚಿಕೆಯಿಂದ ಸತ್ತುಹೋಗುವಂತಾಯಿತು. ಕೈಯಲ್ಲಿ ಅವ್ವ ಕಟ್ಟಿಕೊಟ್ಟ ಉಂಡಿಯ ಗಂಟು. ಅದನ್ನು ಬಿಗಿಯಾಗಿ ಹಿಡಿದೆ. ಅವಳು ಕಲಿಸಲು ನೋಡಿದ ಒಂದು ಒಡಪೂ ನೆನಪಿಗೆ ಬರಲಿಲ್ಲ, ಆದರೆ ಅವಳು ಹೇಳುತ್ತಿದ್ದ ಆ ಧಾಟಿ ಬಂತು. ಬಾಯಿ ತಾನೇ ಶುರು ಮಾಡಿತು:

"ಇಂಡಿ ಲಿಂಬಿ ಹುಳಿ, ಅವ್ವ ಕಟ್ಟಿದ ಉಂಡಿ ಸವಿ,
ಬಾಗಲಾ ಬಿಡ್ರಿ, ಸಂಗಪ್ಪನವರು ತಂದಾರ ಮನಿಗೆ ಕವಿ."

ಹೋ ಎಂದು ನಕ್ಕರು ನೋಡಿ! ಕೈಗಳು ಸರಿದವು.

ಯಾರು ಕಲಿಸಿದರು ಎಂದು ಅತ್ತೆ ಕೇಳಿದರು. ನಾನೇ ಕಟ್ಟಿದ್ದು ಅನ್ನಬೇಕೆಂದಿದ್ದೆ. ಬಾಯಿಗೆ ಬಂದದ್ದು, ನಮ್ಮವ್ವ.

"ಹಂಗಾರ ಒಳಗ ಬಾರವಾ, ಕವಿ" ಎಂದರು ಅತ್ತೆ.

ಆ ಮನೆಯಲ್ಲಿ ಯಾರೂ ನನ್ನ ಪೆನ್ನು ಕಸಿಯಲಿಲ್ಲ. ಇಷ್ಟು ವರ್ಷ ಏನೇ ಬರೆದರೂ, ಮೊದಲು ಅವ್ವನ ಧಾಟಿಯಲ್ಲಿ ಗಟ್ಟಿಯಾಗಿ ಹೇಳಿ ನೋಡುತ್ತೇನೆ. ಬಾಯಿಗೆ ಹೊಂದದ ಸಾಲನ್ನು ಹೊಡೆದುಹಾಕುತ್ತೇನೆ.

ಮೊನ್ನೆ ದೇವರ ಹಿಪ್ಪರಗಿಯ ನೆಂಟರ ಮನೆಗೆ ಹೊಸ ಸೊಸೆ ಬಂದಳು. ನಾನು ಅವಳನ್ನು ಹಿಂದೆಂದೂ ಕಂಡವಳಲ್ಲ. ಹೊಸ್ತಿಲ ಮುಂದೆ ನಿಂತು ಶುರು ಮಾಡಿದಳು... ಇಂಡಿ ಲಿಂಬಿ ಹುಳಿ, ಅವ್ವ ಕಟ್ಟಿದ ಉಂಡಿ ಸವಿ...

"ಬಾಗಲಾ ಬಿಡ್ರಿ, ನನ್ನ ಜೋಡಿ ನಿಂತಾರ ರವಿ!"

ನನ್ನ 'ಕವಿ' ಮಾಯ. ಆ ಜಾಗದಲ್ಲಿ ಅವಳ ಗಂಡ!

ಒಂದು ಗಳಿಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಯಾರು ಕಲಿಸಿದರು ಎಂದು ಕೇಳಿದೆ. ಅಜ್ಜಿ ಅಂದಳು. ಅಜ್ಜಿಗೆ ಯಾರು ಕಲಿಸಿದರೋ ಅವಳಿಗೆ ಗೊತ್ತಿಲ್ಲ.

ಅದು ನನ್ನದು ಅನ್ನಲು ಬಾಯಿ ತೆರೆದವಳು, ಛಲೋ ಹೇಳಿದಿ ಅಂದೆ. ಅವ್ವ ಇದ್ದು ಇದನ್ನು ಕೇಳಬೇಕಿತ್ತು ಅನಿಸಿ ಕಣ್ಣು ತುಂಬಿತು.

ಅವ್ವನಿಗೆ ಯಾರು ಕಲಿಸಿದರೆಂದು ನಾನೂ ಕೇಳಲಿಲ್ಲ... ನೀವು ಕೇಳಿದ್ದೀರಾ, ನಿಮ್ಮವ್ವನನ್ನು?