ಕುಂಕುಮಕ್ಕೆ ಹೊರಿಸಿದ ತಪ್ಪು

ಆ ಡಿಸೈನುಗಳನ್ನು ಕುಂಕುಮ ಹಾಳು ಮಾಡಲಿಲ್ಲ. ಹಾಳು ಮಾಡಿದ್ದು ನಾನು.

ದೊಡ್ಡಬಳ್ಳಾಪುರದ ನಮ್ಮ ಮಗ್ಗದ ಬೀದಿಯಲ್ಲಿ ಇವತ್ತಿಗೂ ಹೇಳುವ ಕತೆ ಬೇರೆ: ಆಯುಧಪೂಜೆಯ ದಿನ ನಾಗರತ್ನಕ್ಕ ಬ್ಯಾಕಪ್ ಡಿಸ್ಕಿಗೂ ಅರಿಶಿನ ಕುಂಕುಮ ಹಚ್ಚಿ ನೀರು ಚಿಮುಕಿಸಿದರು, ಹದಿನೈದು ವರ್ಷದ ಸೀರೆ ಡಿಸೈನುಗಳು ಒಂದೇ ಏಟಿಗೆ ಹೋದವು. ಎಷ್ಟು ಅಚ್ಚುಕಟ್ಟಾದ ಕತೆ — ಅಪರಾಧಿ, ಸಾಕ್ಷಿ, ಕೆಂಪು ಗುರುತು, ಎಲ್ಲವೂ ಇದೆ. ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನ್ನಂಥವನಿಗೆ ಇಷ್ಟು ಅಚ್ಚುಕಟ್ಟು ಕಂಡರೆ ಅನುಮಾನ ಬರಬೇಕು. ಎಲ್ಲರ ನಂಬಿಕೆಯನ್ನೂ ಕೆದಕುವ ನಾನು ಇದೊಂದನ್ನು ಮಾತ್ರ ಮುಟ್ಟಲಿಲ್ಲ — ಅದು ನನ್ನನ್ನು ಕಾಪಾಡುತ್ತಿತ್ತು.

ಗೋವಿಂದಣ್ಣನ ಪವರ್‌ಲೂಮ್ ಶೆಡ್ಡಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ಅವರ ಅಕ್ಕ ನಾಗರತ್ನ ಅಂಚು, ಸೆರಗು, ಬುಟ್ಟಾಗಳನ್ನು ಪರದೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿಡಿಸುವವರು. ಅವರು ಬಿಡಿಸಿದ ಫೈಲಿನಂತೆ ಮಗ್ಗ ನೇಯುತ್ತದೆ. ಬಸ್ ನಿಲ್ದಾಣದ ಬಳಿ ತಮ್ಮದೇ ಡಿಸೈನ್ ಅಂಗಡಿ ಇಡಬೇಕೆಂಬುದು ಅವರ ಆಸೆ. ತಮ್ಮನೂ ಒಪ್ಪಿದ್ದರು. ಆ ಹಳೆಯ ಫೈಲುಗಳೇ ಅಂಗಡಿಯ ಬಂಡವಾಳ.

ಫೈಲುಗಳಿದ್ದ ಎರಡು ಹಾರ್ಡ್ ಡಿಸ್ಕುಗಳು ತುಂಬಿ ಹೋದಾಗ, ಅಂಥವೇ ದೊಡ್ಡವು ಇನ್ನೆರಡು ತಂದು, ಎರಡಕ್ಕೂ ಎಲ್ಲ ಫೈಲು ಹಾಕಿ, ಒಂದನ್ನು ಮನೆಯಲ್ಲಿಡೋಣ ಎಂದರು ಗೋವಿಂದಣ್ಣ. ನನಗೆ ವಾದಕ್ಕೆ ವಿಷಯ ಸಿಕ್ಕಿತು. ಒಳಗೆ ತಿರುಗುವ ತಟ್ಟೆ ಇರುವ ಡಿಸ್ಕು ಕೈಜಾರಿ ಬಿದ್ದರೆ ಮುಗಿಯಿತು. ಡಿವಿಡಿಗೆ ಗೀರು, ಬೂಷ್ಟು. ಚಿಪ್ ಇರುವ ಡಿಸ್ಕಿಗೆ ಇದಾವ ಕಾಟವೂ ಇಲ್ಲ — ಒಂದಿದ್ದರೆ ಸಾಕು, ಎರಡನೆಯ ಪ್ರತಿ ಬೇಕಾಗುವುದು ಭಯಸ್ಥರಿಗೆ ಎಂದೆ.

“ನಿನ್ ಹತ್ರ ಮಾತಾಡಿ ಗೆಲ್ಲಕ್ಕಾಗಲ್ಲ ಬಿಡಪ್ಪಾ,” ಎಂದು ಅವರು ಮಗ್ಗದ ಕಡೆ ನಡೆದರು.

ಗೆದ್ದೆ. ಗೆದ್ದವನು ಹೆಸರೇ ಕೇಳಿರದ ಕಂಪನಿಯ, ನಂಬಲಾಗದಷ್ಟು ಅಗ್ಗದ ಡಿಸ್ಕೊಂದನ್ನು ಆನ್‌ಲೈನಿನಲ್ಲಿ ತರಿಸಿದೆ. ಎಲ್ಲವನ್ನೂ ಅದಕ್ಕೆ ಸುರಿದೆ. ಫೈಲುಗಳ ಹೆಸರುಗಳು ಸಾಲಾಗಿ ಕಂಡವು — ಒಂದನ್ನಾದರೂ ತೆರೆದು ನೋಡಲಿಲ್ಲ. ದೇವರಿಗೇ ಪುರಾವೆ ಕೇಳುವವನು ನಾನು. ಆಮೇಲೆ ಹಳೆಯ ಡಿಸ್ಕುಗಳನ್ನು ಅಳಿಸಿ, ದೃಶ್ಯಗಳು ದಾಖಲಾಗಲೆಂದು ಶೆಡ್ಡಿನ ಸಿಸಿ ಕ್ಯಾಮೆರಾದ ಪೆಟ್ಟಿಗೆಗೆ ಜೋಡಿಸಿದೆ.

ಹಬ್ಬ ಕಳೆದ ಮೇಲೆ ಒಬ್ಬ ವ್ಯಾಪಾರಿ ಹಳೆಯ ಸೆರಗೊಂದನ್ನು ಮತ್ತೆ ನೇಯ್ದು ಕೊಡಿ ಎಂದು ಬಂದರು. ಆ ಫೈಲು ತೆರೆಯಲಿಲ್ಲ. ಮೊದಲ ಕೆಲವನ್ನು ಬಿಟ್ಟರೆ ಯಾವುದೂ ತೆರೆಯಲಿಲ್ಲ. ಗೋವಿಂದಣ್ಣ ಡಿಸ್ಕನ್ನು ಕೈಗೆತ್ತಿಕೊಂಡರು. ವೈರು ಸಿಕ್ಕಿಸುವ ಅದರ ಬಾಯಲ್ಲಿ ಕುಂಕುಮ ಒಣಗಿತ್ತು.

“ಅಕ್ಕಾ, ಇದುಕ್ಕೂ ಕುಂಕುಮ ಇಕ್ಬೇಕಿತ್ತಾ?”

ಎಲ್ಲರೂ ನಾಗರತ್ನಕ್ಕನ ಕಡೆ ತಿರುಗಿದರು. ನಾನೆಂದೆ: “ಮಿಷಿನ್‌ಗೆಲ್ಲಾ ಯಾಕಕ್ಕಾ ಪೂಜೆ ಅಂತ ಬಡ್ಕೊಂಡೆ. ನನ್ ಮಾತು ಯಾರ್ ಕೇಳ್ತೀರಾ?” ಆ ಶೆಡ್ಡಿನಲ್ಲಿ ನನ್ನ ವಾದಕ್ಕೆ ಮೊದಲ ಬಾರಿಗೆ ಎಲ್ಲರೂ ತಲೆಯಾಡಿಸಿದರು. ಹೇಳುವಾಗ ನಾನೂ ಅದನ್ನು ನಂಬಿದ್ದೆ — ಆ ನಂಬಿಕೆ ಮಾರನೆಯ ಬೆಳಿಗ್ಗೆಯವರೆಗೆ ಮಾತ್ರ.

ಬೆಳಿಗ್ಗೆ ಡಿಸ್ಕನ್ನು ಒರೆಸಿ ಪರೀಕ್ಷಿಸಿದೆ. ಕುಂಕುಮದಿಂದ ಅದಕ್ಕೇನೂ ಆಗಿರಲಿಲ್ಲ. ಡಿಸ್ಕೇ ನಕಲಿ. ಡಬ್ಬಿಯ ಮೇಲೆ ಬರೆದದ್ದರಲ್ಲಿ ಚೂರುಪಾರು ಜಾಗವಷ್ಟೇ ಒಳಗಿತ್ತು. ಅದು ತುಂಬಿದ ಮೇಲೆ ಫೈಲುಗಳ ಹೆಸರನ್ನು ಮಾತ್ರ ಇಟ್ಟುಕೊಂಡು ಒಳಗಿನ ಚಿತ್ರಗಳನ್ನು ಬಿಸಾಡಿತ್ತು. ಪೂಜೆಗೆ ಕೆಲವು ದಿನ ಮೊದಲೇ, ನನ್ನ ಕೈಯಲ್ಲೇ, ಎಲ್ಲ ಹೋಗಿತ್ತು.

ಇಲ್ಲಿಗೇ ನಿಂತಿದ್ದರೆ ದಡ್ಡತನ ಎನ್ನಬಹುದಿತ್ತು. ಮುಂದಿನದಕ್ಕೆ ಆ ಹೆಸರು ಸಾಲದು. ಅವತ್ತೇ ಬೆಂಗಳೂರಿನ ಡೇಟಾ ರಿಕವರಿ ಅಂಗಡಿಯೊಂದಕ್ಕೆ ಫೋನ್ ಮಾಡಿದೆ. ಅಳಿಸಿದ ಹಳೆಯ ಡಿಸ್ಕುಗಳಿಂದ ಸುಮಾರು ಫೈಲುಗಳನ್ನು ಇನ್ನೂ ತೆಗೆಯಬಹುದು, ಅವುಗಳ ಮೇಲೆ ಹೊಸದೇನೂ ಬೀಳಬಾರದು ಅಷ್ಟೇ ಎಂದ ಅಂಗಡಿಯವನು. “ಮೊದ್ಲು ಆ ಕ್ಯಾಮೆರಾ ಆಫ್ ಮಾಡಿ ಗುರು. ಇವತ್ತೇ ತಗೊಂಡ್ಬನ್ನಿ.”

ಆಫ್ ಮಾಡಿದರೆ ಗೋವಿಂದಣ್ಣ ಏಕೆಂದು ಕೇಳುತ್ತಿದ್ದರು. ಏಕೆಂದು ಹೇಳಿದರೆ — ಮಾಡಲಿಲ್ಲ. ಕ್ಯಾಮೆರಾ ಓಡುತ್ತಲೇ ಇತ್ತು. ಖಾಲಿ ಗೇಟು, ಮಲಗಿದ ನಾಯಿ, ನೂಲು ತರುವ ಆಟೋ, ಇವೆಲ್ಲ ನಾಗರತ್ನಕ್ಕನ ಸೆರಗುಗಳ ಮೇಲೆ ತಮ್ಮನ್ನು ಬರೆದುಕೊಳ್ಳುತ್ತ ಹೋದವು. ನಾನು ಅದೇ ಕ್ಯಾಮೆರಾದ ಕೆಳಗೆ ಕೂತು ಟೀ ಕುಡಿದೆ.

ಈಗ ಗೋವಿಂದಣ್ಣ ಡಿಸೈನುಗಳನ್ನು ಹೊರಗೆ ಮಾಡಿಸುತ್ತಾರೆ. ಅಂಗಡಿಯ ಮಾತು ಎದ್ದೇ ಇಲ್ಲ. ನಾಗರತ್ನಕ್ಕ ಸೀರೆಗೆ ಕುಚ್ಚು ಕಟ್ಟುತ್ತಾರೆ. “ಅಕ್ಕಾ, ಕಂಪ್ಯೂಟರ್‌ಗೆ ದೃಷ್ಟಿ ತೆಗೀತೀರಾ?” ಎಂದು ಮಗ್ಗದ ಹುಡುಗರು ರೇಗಿಸಿದರೆ ಅವರೂ ನಗುತ್ತಾರೆ. ಎಲ್ಲ ತಮ್ಮ ಕೈಯಿಂದಲೇ ಆಯಿತೆಂದು ಅವರೇ ನಂಬಿದ್ದಾರೆ. ಹೋದ ವರ್ಷ ಪೂಜೆಯ ತಟ್ಟೆಯನ್ನು ನಾದಿನಿಗೆ ಕೊಟ್ಟು ದೂರ ನಿಂತರು. ನಾನು? ಮೂಢನಂಬಿಕೆಯಿಂದಾಗುವ ನಷ್ಟಕ್ಕೆ ಇದನ್ನೇ ಉದಾಹರಣೆ ಕೊಟ್ಟು ಬೆಂಗಳೂರಿನ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಗೆದ್ದೆ.

ನನ್ನ ಪರವಾಗಿ ವಾದಿಸಲು ಏನೂ ಉಳಿದಿಲ್ಲ. ಗೋವಿಂದಣ್ಣನಿಗೆ ಪೂರ್ತಿ ಓದಿ ಹೇಳಿದ ಮೇಲೇ ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ.

ನಾಗರತ್ನಕ್ಕ, ಆ ಫೋನ್ ಇಟ್ಟ ಸ್ವಲ್ಪ ಹೊತ್ತಿಗೇ ನೀವು ಬಂದು ಕೇಳಿದಿರಿ, “ಆ ಹಳೇ ಡಿಸ್ಕ್‌ನಾಗೆ ಏನಾರ ಉಳ್ದಿರ್ತದೇನಪ್ಪಾ?” ನಾನೆಂದೆ, “ಇಲ್ಲಕ್ಕಾ. ಒಂದ್ಸಲ ಅಳಿಸಿದ್ರೆ ಮುಗೀತು.” ಉತ್ತರ ಸಿಕ್ಕ ಮೇಲೂ ನೀವು ಹೋಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು, ನನ್ನ ಮುಖ ನೋಡುತ್ತ, ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಿರಿ. ಏನಕ್ಕೆ ಕಾಯುತ್ತಿದ್ದಿರಿ, ಅಕ್ಕಾ?