ಸಂಜೆ ಮೇಲೆ ನೀರಿಲ್ಲ

ಈ ವಾರದ ಅಂಕಣ ಬರೆಯೋಕೆ ಕೂತರೆ ಅಕ್ಷರ ಸೊಟ್ಟಸೊಟ್ಟ ಬರ್ತಿದೆ. ವಯಸ್ಸಿಗಲ್ಲ ಕಣ್ರೀ, ಖುಷಿಗೆ! ಸ್ವಲ್ಪ ಸಿಟ್ಟೂ ಸೇರಿದೆ, ಸುಳ್ಳು ಯಾಕೆ ಹೇಳಲಿ.

ಹೊಸಬಾಳೆಯಿಂದ ನಮ್ಮಕ್ಕನ ಮಗ ಬಸವರಾಜ ಫೋನ್ ಮಾಡಿದ್ದ. "ಚಿಕ್ಕಮ್ಮ, ಅವ್ವಂಗೆ ಅರಳುಮರಳು ಆಗೈತೆ. ಮಂಕು ಬಡಿದಂಗೆ ಕೂತಿರ್ತಾಳೆ. ಬಾಯಿ ಬಿಟ್ಟರೆ ಸತ್ತೋರನ್ನ ಕರೀತಾಳೆ. ಒಂದ್ಸಲ ಬಂದು ನೋಡ್ಕೊಂಡು ಹೋಗು."

'ನೋಡ್ಕೊಂಡು ಹೋಗು' ಅಂದರೆ ಏನು ಅಂತ ನನ್ನ ವಯಸ್ಸಿನವರಿಗೆ ಬಿಡಿಸಿ ಹೇಳಬೇಕಾ? ಉಡುತಡಿಯಿಂದ ಹೊರಟೆ. ಬಸ್ಸು ಬದಲಾಯಿಸಿ ಸೊರಬ ಮುಟ್ಟಿ, ಅಲ್ಲಿಂದ ಹೊಸಬಾಳೆ ಸೇರೋ ಹೊತ್ತಿಗೆ ಬಿಸಿಲು ಇಳಿದಿತ್ತು.

ಅಕ್ಕ ಜಗಲಿ ಮೇಲೆ ಕುರ್ಚಿಯಲ್ಲಿ ಕೂತಿದ್ದಳು. ಒಗೆದ ಸೀರೆ, ಬಾಚಿದ ತಲೆ. (ಸೊಸೆ ಶಾಂತಾ ಅಚ್ಚುಕಟ್ಟು, ಅದರಲ್ಲಿ ಎರಡು ಮಾತಿಲ್ಲ.) ನನ್ನ ಮುಖ ನೋಡಿ, "ಬಂದ್ಯಾ ಅವ್ವಾ?" ಅಂದಳು. ನಮ್ಮವ್ವ ಸತ್ತು ಎಷ್ಟು ಕಾಲವಾಯ್ತೋ!

ಶಾಂತಾ ಬೆಲ್ಲ, ನೀರು ತಂದಿಟ್ಟಳು. ನಮ್ಮ ಕಡೆ ಯಾರೇ ಬರಲಿ, ಮಾತಿಗೆ ಮುಂಚೆ ಬೆಲ್ಲ, ನೀರು. ನಾನು ಚೊಂಬನ್ನು ಅಕ್ಕನ ಕೈಗೆ ಕೊಟ್ಟು, "ದೊಡ್ಡೋಳು ನೀನು, ಮೊದಲು ಕುಡಿ" ಅಂದೆ.

ಚೊಂಬು ಹಿಡಿದುಕೊಂಡು ಅವಳು ಸೊಸೆಯ ಮುಖ ನೋಡಿದಳು. "ಬೇಡ ಕಣೇ. ಸಂಜೆ ಆತು."

ಸಂಜೆ ಆದರೆ ನೀರಿಗೇನು ರಜೆಯಾ?

"ಹೊತ್ತು ಇಳಿದ ಮೇಲೆ ಅವರಿಗೆ ನೀರು ಕೊಡಲ್ಲ ಚಿಕ್ಕತ್ತೆ" ಅಂದಳು ಶಾಂತಾ. "ರಾತ್ರಿಯೆಲ್ಲ ಬಚ್ಚಲಿಗೆ ಎದ್ದೇಳ್ತಾರೆ. ಬಿದ್ದು ಸೊಂಟ ಮುರ್ಕೊಂಡರೆ? ಅವರ ಒಳ್ಳೇದಕ್ಕೇ."

"ಬೆಳಿಗ್ಗೆ?"

"ಬೆಳಿಗ್ಗೆ ಕಾಫಿ ಕೊಡ್ತೀನಲ್ಲ."

ಕಾಫಿ! ಅಕ್ಕನ ಬಾಯಿ ತೆಗೆಸಿ ನೋಡಿದೆ. ನಾಲಿಗೆ ಒಣಗಿಸಿದ ಹಾಗಲಕಾಯಿ ಹೋಳಿನ ಹಾಗಿತ್ತು. ನಾನೇ ಕೂತು ಗುಟುಕು ಗುಟುಕಾಗಿ ಕುಡಿಸಿದೆ. ಬೆಳಗಾದ ಕೂಡಲೇ ಬಸವರಾಜನನ್ನು ಎಬ್ಬಿಸಿ, ಅಕ್ಕನನ್ನು ಸೊರಬದ ಡಾಕ್ಟರ್ ಹತ್ತಿರ ಹೊರಡಿಸಿದೆ.

ಡಾಕ್ಟರ್ ಚರ್ಮ ಹಿಡಿದು ನೋಡಿದರು, ಪರೀಕ್ಷೆ ಮಾಡಿಸಿದರು. "ಅಜ್ಜಿ ಮೈಯಲ್ಲಿ ನೀರೇ ಇಲ್ವಲ್ರೀ. ವಯಸ್ಸಾದೋರಿಗೆ ನೀರು ಕಮ್ಮಿಯಾದರೂ ಹಿಂಗೆ ತಲೆ ಕೆಡುತ್ತೆ" ಅಂದು ಡ್ರಿಪ್ ಹಾಕಿದರು.

ಹಿಂಸೆ ಅಂದರೆ ಹೊಡೆಯೋದು, ಮನೆಯಿಂದ ಹೊರಗೆ ಹಾಕೋದು ಅಂತಲೇ ತಿಳ್ಕೊಂಡಿದ್ದೀರಾ? ಒಗೆದ ಸೀರೆ ಉಡಿಸಿ, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿಸಿ, ನೀರು ತಪ್ಪಿಸೋದೂ ಹಿಂಸೆಯೇ ರೀ. 'ಒಳ್ಳೇದಕ್ಕೇ' ಅಂದ ಮಾತ್ರಕ್ಕೆ ಅದರ ಹೆಸರು ಬದಲಾಗುತ್ತಾ? ನಮ್ಮೂರಲ್ಲಿ ಒಂದು ಕುರಿ ನೀರು ಮುಟ್ಟದಿದ್ದರೆ ಮನೆಮಂದಿಯೆಲ್ಲ ಸುತ್ತ ನಿಲ್ತಾರೆ. ಮುದುಕಿ ಮುಟ್ಟದಿದ್ದರೆ? 'ವಯಸ್ಸಾಯ್ತು' ಅಂತಾರೆ, ಮುಗೀತು.

ಹಾಗಂತ ಶಾಂತಾಳೇ ರಾಕ್ಷಸಿ ಅಂತ ನಾನು ಬರೆಯಲ್ಲ. ಮನೆಗೆ ವಾಪಸ್ ಬಂದ ಮೇಲೆ ಅವಳು ಅತ್ತಳು. "ದಿನಾ ರಾತ್ರಿ ಏಳೋಳು ನಾನೊಬ್ಬಳೇ ಚಿಕ್ಕತ್ತೆ. ಇವರು ಮಗ್ಗುಲೂ ಬದಲಾಯಿಸಲ್ಲ."

ಇವರು ಅಂದರೆ ನಮ್ಮ ಬಸವರಾಜ. ಹೆತ್ತ ಮಗ! ಅವನನ್ನು ಕರೆದೆ. ಅಕ್ಕನ ಮಂಚದ ಪಕ್ಕಕ್ಕೇ ಒಂದು ಕಮೋಡ್ ಕುರ್ಚಿ ತಂದಿಡು ಅಂದೆ. (ಮಧ್ಯದಲ್ಲಿ ತೂತು, ಕೆಳಗೆ ಬಕೆಟ್ಟು ಇರ್ತದಲ್ಲ, ಅದು.) ತಲೆ ಕೆರೆದುಕೊಂಡ.

"ತರ್ತೀನಿ ಚಿಕ್ಕಮ್ಮ. ಆದರೆ ಬೆಳಿಗ್ಗೆ ಅದನ್ನ ತೊಳೆಯೋರು ಯಾರು?"

"ದಿನಾ ಕೊಟ್ಟಿಗೆ ಬಾಚ್ತೀಯಲ್ಲ, ಆ ಕೈಗೇನು ಬಂತು ರೋಗ?"

ಶಾಂತಾ ಸೆರಗಲ್ಲಿ ಬಾಯಿ ಮುಚ್ಚಿಕೊಂಡಳು. ಅಳು ನಿಂತಿತ್ತು, ನಗ್ತಿದ್ದಳು. ಅವತ್ತೇ ಕುರ್ಚಿ ಬಂತು. ಒಂದು ರಾತ್ರಿ ಅವಳು, ಒಂದು ರಾತ್ರಿ ಇವನು ಅಂತ ಪಾಳಿ ಮಾಡಿ, ಅದು ನಡೆಯೋದನ್ನ ಕಣ್ಣಾರೆ ನೋಡೋಕೆ ನಾನು ಅಲ್ಲೇ ಉಳಿದೆ. ನಂಬಿಕೆ ಬೇರೆ, ಕಾವಲು ಬೇರೆ.

ಅಕ್ಕ ಕುಡಿಯೋಕೆ ಹೆದರ್ತಿದ್ದಳು. ಯಾರಿಗೂ ತೊಂದರೆ ಕೊಡಬಾರದು ಅಂತ ತಾನೇ ಬಾಯಿ ಬಿಗಿ ಹಿಡಿದಿದ್ದಳಂತೆ. "ತೊಂದರೆ ಕೊಡೋಕೇ ಬದುಕಿರೋದು, ಕುಡಿ" ಅಂತ ಗದರಿದೆ. ದಿನದಿನಕ್ಕೆ ಕಣ್ಣು ತಿಳಿಯಾದವು. ಸತ್ತವರನ್ನು ಕರೆಯೋದು ನಿಂತಿತು.

ಮೊನ್ನೆ ಊಟಕ್ಕೆ ಕೂತಿದ್ದೆವು. ಅಕ್ಕ ಮಜ್ಜಿಗೆ ಬಾಯಿಗಿಟ್ಟವಳೇ, "ಏನೇ ಶಾಂತಾ, ಉಪ್ಪಿನ ಡಬ್ಬಿ ತವರಿಗೆ ಕಳಿಸಿದ್ಯಾ?" ಅಂದಳು! ನಾನು ಎದ್ದು ಕುಣಿಯೋದೊಂದು ಬಾಕಿ.

"ನೋಡಿದ್ರಾ ಚಿಕ್ಕತ್ತೆ, ಸುಮ್ಮನಿದ್ದಾಗಲೇ ಚೆನ್ನಾಗಿದ್ದರು" ಅಂತ ಶಾಂತಾ ಉಪ್ಪು ತರೋಕೆ ಒಳಗೆ ಹೋದಳು.

ನಿಮ್ಮ ಮನೆ ಮುದುಕಿ ಈಚೆಗೆ ಜಗಳ ಆಡೋದು ಬಿಟ್ಟಿದ್ದಾಳಾ? ಯಾಕೆ ಅಂತ ಕೇಳಿದ್ದೀರಾ?